ಹೊಳೆಯಾಚೆಯ ಮೆಷಿನ್ನು

ವಿಂಡ್ಸರಿನಲ್ಲಿ ನಿಂತು ಅಮೆರಿಕವನ್ನು ನೋಡಬೇಕಾದರೆ ಉತ್ತರಕ್ಕೆ ಮುಖ ಮಾಡಬೇಕು. ಬಂದ ಹೊಸದರಲ್ಲಿ ಇದು ನನ್ನ ತಲೆ ಕೆಡಿಸಿತ್ತು. ನಕ್ಷೆಯಲ್ಲಿ ಕೆನಡಾ ಮೇಲೆ, ಅಮೆರಿಕ ಕೆಳಗೆ ಅಂತಲೇ ಕಲಿತವರು ನಾವು. ಇಲ್ಲಿ ಮಾತ್ರ ಡೆಟ್ರಾಯಿಟ್ ನದಿ ಬಳುಕಿದ ರೀತಿಗೆ ಕೆನಡಾ ದಕ್ಷಿಣಕ್ಕೆ ಬಂದು ಕೂತಿದೆ. ನದಿ ಒಂದು ಕಿಲೋಮೀಟರ್ ಅಗಲವೂ ಇಲ್ಲ. ಈ ದಡದ ಬೆಂಚಿನ ಮೇಲೆ ಕೂತು ಆ ದಡದ ಕಟ್ಟಡಗಳ ಕಿಟಕಿ ಎಣಿಸಬಹುದು. ಬೆಳಗ್ಗೆ ನರ್ಸುಗಳು, ಎಂಜಿನಿಯರುಗಳು ಸುರಂಗ ದಾಟಿ ಆಚೆಗೆ ಕೆಲಸಕ್ಕೆ ಹೋಗುತ್ತಾರೆ, ಸಂಜೆ ಮರಳುತ್ತಾರೆ. ಹವೆ ಒಂದೇ, ಮಾತು ಒಂದೇ, ಹಾಕಿಯ ಹುಚ್ಚೂ ಹೆಚ್ಚುಕಡಿಮೆ ಒಂದೇ.

ಕಸುಬೂ ಒಂದೇ. ನಾನು ಅಚ್ಚು ಮಾಡುವ ಶಾಪಿನಲ್ಲಿದ್ದೇನೆ. ಕಾರಿನ ಬಂಪರು, ಡ್ಯಾಶ್‌ಬೋರ್ಡು, ದೀಪದ ಕವಚ ಇಂಥವನ್ನೆಲ್ಲ ಪ್ಲಾಸ್ಟಿಕ್ಕಿನಲ್ಲಿ ಒತ್ತಿ ತೆಗೆಯಲು ಉಕ್ಕಿನ ಅಚ್ಚು ಬೇಕು. ದೊಡ್ಡವಾದರೆ ಟನ್ನುಗಟ್ಟಲೆ ತೂಗುತ್ತವೆ. ವಿಂಡ್ಸರ್ ಇದಕ್ಕೆ ಹೆಸರಾದ ಊರು. ನದಿಯಾಚೆ, ಡೆಟ್ರಾಯಿಟಿನ ಹೊರವಲಯದಲ್ಲಿ, ನನ್ನ ಗೆಳೆಯನೊಬ್ಬ ಇದೇ ಕೆಲಸ ಮಾಡುತ್ತಾನೆ. ಇಬ್ಬರೂ ಒಂದೇ ಪಾಲಿಟೆಕ್ನಿಕ್ಕಿನಲ್ಲಿ ಒಂದೇ ಲೇಥಿನ ಮುಂದೆ ಬೈಸಿಕೊಂಡವರು. ಅವನ ಕೈ ನನ್ನದಕ್ಕಿಂತ ಗುಲಗಂಜಿಯಷ್ಟೂ ಹೆಚ್ಚಿಲ್ಲ ಎಂದು ನಾನು ಹೇಳಿದರೆ ಜಂಬ ಅನ್ನಿಸೀತು, ಅವನೇ ಹೇಳುತ್ತಾನೆ.

ಕೆಲವು ವರ್ಷಗಳ ಹಿಂದೆ ಒಂದು ಶನಿವಾರ ಅವನ ಶಾಪು ನೋಡಲು ಹೋಗಿದ್ದೆ. ಆ ವಾರವಷ್ಟೇ ಆಳವಾದ ಒಂದು ಅಚ್ಚಿನ ಜೊತೆ ಒದ್ದಾಡಿ ಮುಗಿಸಿದ್ದೆ. ನಮ್ಮದು ಮೂರು ಆಕ್ಸಿಸ್‌ನ, ಅಂದರೆ ಮೂರೇ ದಿಕ್ಕಿನಲ್ಲಿ ಚಲಿಸಿ ಉಕ್ಕು ಕೆರೆಯುವ, ಹಳೇ ಮಿಲ್ಲಿಂಗ್ ಮೆಷಿನ್. ಟೂಲು ಮೇಲಿಂದ ನೆಟ್ಟಗೆ ಇಳಿಯುತ್ತದೆ, ಬಾಗುವ ಮಾತೇ ಇಲ್ಲ. ಪಕ್ಕದ ಗೋಡೆ ಕೆರೆಯಬೇಕೆಂದರೆ ಇಡೀ ಉಕ್ಕಿನ ದಿಮ್ಮಿಯನ್ನು ಕ್ರೇನಿಗೆ ತೂಗಿಸಿ, ಹೊರಳಿಸಿ, ಮತ್ತೆ ಕೂರಿಸಬೇಕು. ಕೂರಿಸಿದ ಮೇಲೆ ಡಯಲ್ ಇಟ್ಟು, ಮುಳ್ಳು ಸೊನ್ನೆಗೆ ಬರುವವರೆಗೆ ಮೆತ್ತನೆ ಸುತ್ತಿಗೆಯಲ್ಲಿ ತಟ್ಟುತ್ತ, ಉಸಿರು ಹಿಡಿದು ನೋಡುತ್ತ ನಿಲ್ಲಬೇಕು. ಹೀಗೆ ಆರು ಸಲ ಕೂರಿಸಿದ್ದೆ. ಆರು ಸಲವೂ ಕೂದಲೆಳೆಯಷ್ಟು ತಪ್ಪು ಸೇರಿಕೊಂಡಿತ್ತು. ಟೂಲು ಮುಟ್ಟದ ಆಳದ ಮೂಲೆಗಳಿಗೆ ಗ್ರಾಫೈಟಿನ ಎಲೆಕ್ಟ್ರೋಡ್ ಮಾಡಿಕೊಂಡು, ಕಿಡಿಯಲ್ಲಿ ಉಕ್ಕನ್ನು ತಿನ್ನಿಸುವ ಸ್ಪಾರ್ಕ್ ಮೆಷಿನ್ನಿಗೆ ಒಯ್ದಿದ್ದಾಯಿತು. ಕೊನೆಗೆ ಕಲ್ಲು ಹಿಡಿದು ಕೈಯಲ್ಲೇ ಪಾಲಿಶ್. ಒಟ್ಟು 11 ದಿನ.

ಅವನಲ್ಲಿ ಐದು ಆಕ್ಸಿಸ್‌ನ ಮೆಷಿನ್ನಿತ್ತು. ಸ್ಪಿಂಡಲಿನ ತಲೆ ಹಾವಿನ ಹೆಡೆಯ ಹಾಗೆ ಓರೆಯಾಗಿ ಬಾಗಿ, ಗಿಡ್ಡ ಟೂಲಿನಲ್ಲೇ ಆಳದ ಗೋಡೆಯನ್ನು ಸವರಿಕೊಂಡು ಹೋಗುತ್ತಿತ್ತು. ದಿಮ್ಮಿ ಕೂರಿಸಿದ್ದು ಒಂದೇ ಸಲ.

“ಇದರ ಮುಂದೆ ಎಷ್ಟು ಹೊತ್ತು ನಿಂತಿರ್ತೀಯೋ?” ಅಂದೆ.

“ನಿಲ್ಲೋದೆಲ್ಲಿ ಬಂತು ಮಾರಾಯ? ಸಂಜೆ ಹಚ್ಚಿ ಮನೆಗೆ ಹೋಗ್ತೀನಿ. ಬೆಳಗ್ಗೆ ಬಂದು ಇಳಿಸ್ಕೊಳ್ತೀನಿ.”

ಮೆಷಿನ್ನಿನ ಬಾಗಿಲ ಮೇಲೆ, ಕಂಟ್ರೋಲಿನ ಪಕ್ಕದಲ್ಲೇ, ಕಪ್ಪು ಮಾರ್ಕರಿನಲ್ಲಿ ಕನ್ನಡದಲ್ಲಿ ಬರೆದಿತ್ತು: ‘ಮೊದಲು ಕೂಲೆಂಟ್ ನೋಡು’. ಕೂಲೆಂಟ್ ಅಂದರೆ ಟೂಲನ್ನು ತಣ್ಣಗಿಡುವ ದ್ರವ. ಒಂದು ರಾತ್ರಿ ಅದು ಮುಗಿದು, ಟೂಲು ಸುಟ್ಟು, ಜಾಬು ಹಾಳಾಗಿತ್ತಂತೆ. ಮಾರನೇ ದಿನ ತನಗೆ ತಾನೇ ಬರೆದುಕೊಂಡ ಎಚ್ಚರಿಕೆ. ನನ್ನ 11 ದಿನದ ಜಾಬಿನ ಡ್ರಾಯಿಂಗನ್ನು ಫೋನಿನಲ್ಲಿ ತೋರಿಸಿದೆ. ಅವನು ಸ್ವಲ್ಪ ಹೊತ್ತು ಹಿಗ್ಗಿಸಿ ಕುಗ್ಗಿಸಿ ನೋಡಿ, ನನ್ನ ಮುಖ ನೋಡದೆ, “ನಾಲ್ಕು ದಿನ,” ಅಂದ.

ಮನೆಗೆ ಬರುವಾಗ ಸುರಂಗದಲ್ಲಿ ಗಾಡಿಗಳ ಸಾಲು ಉದ್ದವಿತ್ತು. ಲೆಕ್ಕ ಹಾಕಲು ಸಮಯ ಸಿಕ್ಕಿತು.

ಉತ್ಪಾದಕತೆ ಎಂಬ ಪದ ಕಿವಿಗೆ ಬಿದ್ದರೆ ನಮ್ಮಂಥವರಿಗೆ ‘ಇನ್ನೂ ಮೈಮುರಿದು ದುಡಿ’ ಎಂದು ಯಾರೋ ಗದರಿಸಿದ ಹಾಗೆ ಕೇಳುತ್ತದೆ. ಅರ್ಥಶಾಸ್ತ್ರದವರ ಲೆಕ್ಕದಲ್ಲಿ ಅದು ತೀರ ಸರಳ: ಒಂದು ಗಂಟೆಯ ದುಡಿಮೆಯಿಂದ ಎಷ್ಟು ಬೆಲೆ ಹುಟ್ಟಿತು. ಮೈಮುರಿದದ್ದೂ ಬೆವರು ಸುರಿಸಿದ್ದೂ ಅದರಲ್ಲಿ ಜಮಾ ಆಗುವುದಿಲ್ಲ. 11 ದಿನ ನಾನು ಸುರಿಸಿದ ಬೆವರು ಅವನ 4 ದಿನದ್ದಕ್ಕಿಂತ ಹೆಚ್ಚೇ ಇತ್ತು. ಅಚ್ಚಿನ ಬೆಲೆ ಮಾತ್ರ ಇಬ್ಬರದೂ ಒಂದೇ.

2024ರ ಮಾರ್ಚಿನಲ್ಲಿ ಬ್ಯಾಂಕ್ ಆಫ್ ಕೆನಡಾದ ಹಿರಿಯ ಡೆಪ್ಯುಟಿ ಗವರ್ನರ್ ಕ್ಯಾರೊಲಿನ್ ರಾಜರ್ಸ್ ಹ್ಯಾಲಿಫ್ಯಾಕ್ಸಿನಲ್ಲಿ ಒಂದು ಭಾಷಣ ಮಾಡಿದರು. 1984ರಲ್ಲಿ ಅಮೆರಿಕ ಒಂದು ಗಂಟೆಯಲ್ಲಿ ಹುಟ್ಟಿಸುತ್ತಿದ್ದ ಬೆಲೆಯ ಶೇ. 88ರಷ್ಟನ್ನು ಕೆನಡಾ ಹುಟ್ಟಿಸುತ್ತಿತ್ತು. 2022ರ ಹೊತ್ತಿಗೆ ಅದು ಶೇ. 71ಕ್ಕೆ ಇಳಿದಿತ್ತು. ತುರ್ತು ಇದ್ದಾಗ ಗಾಜು ಒಡೆಯಿರಿ ಎಂದು ಗೋಡೆಯ ಮೇಲೆ ಬರೆದಿರುತ್ತದಲ್ಲ, ಆ ಗಾಜು ಒಡೆಯುವ ಹೊತ್ತು ಬಂದಿದೆ ಎಂದರು ಅವರು. ಕೇಂದ್ರ ಬ್ಯಾಂಕಿನವರು ಸಾಮಾನ್ಯವಾಗಿ ಗಾಜು ಗೀಜು ಒಡೆಯುವ ಮಾತಾಡುವವರಲ್ಲ. ನಮ್ಮ ಶಾಪಿನಲ್ಲೂ ಊಟದ ಹೊತ್ತಿನಲ್ಲಿ ಆ ಮಾತು ಬಂತು. “ನಮ್ಮನ್ನು ಸೋಮಾರಿಗಳು ಅಂತಿದಾರೆ,” ಎಂದು ಒಬ್ಬ ರೇಗಿದ. ಅವರು ಹಾಗೆ ಅಂದಿರಲಿಲ್ಲ. ಯಂತ್ರ, ತರಬೇತಿ, ಪೈಪೋಟಿ ಈ ಮೂರರ ಮೇಲೇ ಅವರ ಬೆರಳಿತ್ತು.

ಆರ್ಥಿಕ ನೀತಿಯ ಅಧ್ಯಯನ ಮಾಡುವ ಟೊರಾಂಟೊದ ಸಿ. ಡಿ. ಹೌ ಸಂಸ್ಥೆ ಬಹಳ ವರ್ಷಗಳಿಂದ ಇದನ್ನೇ ಇನ್ನೊಂದು ಕಡೆಯಿಂದ ಅಳೆಯುತ್ತಿದೆ. ಉದ್ಯಮಗಳು ಒಬ್ಬೊಬ್ಬ ಕೆಲಸಗಾರನ ಪಾಲಿಗೆ ವರ್ಷಕ್ಕೆ ಎಷ್ಟು ಹೊಸ ಬಂಡವಾಳ ಹೂಡುತ್ತವೆ, ಅಂದರೆ ಯಂತ್ರ, ಕಟ್ಟಡ, ಸಾಫ್ಟ್‌ವೇರು ಎಲ್ಲ ಸೇರಿ. ಈಚಿನ ವರ್ಷಗಳಲ್ಲಿ ಅಮೆರಿಕದವನಿಗೆ ಒಂದು ಡಾಲರ್ ಬಂದರೆ ಕೆನಡಾದವನಿಗೆ ಬರುವುದು ಅರ್ಧಕ್ಕಿಂತ ತುಸು ಹೆಚ್ಚು. ಹೊಸ ತಿಳಿವಳಿಕೆ ಬಹುಪಾಲು ಯಂತ್ರದ ಒಳಗೆ ಕೂತೇ ಶಾಪಿಗೆ ಬರುತ್ತದೆ ಎಂದು ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ 1960ರ ಹೊತ್ತಿಗೇ ವಾದಿಸಿದ್ದರು. ಹೊಸ ಯಂತ್ರ ಕೊಳ್ಳದವನ ಕೈಗೆ ಆ ತಿಳಿವಳಿಕೆಯೂ ಸಿಗುವುದಿಲ್ಲ. ಪುಸ್ತಕ ಓದಿ ಐದು ಆಕ್ಸಿಸ್ ಕಲಿಯಲು ನಾನೂ ಯತ್ನಿಸಿದ್ದೆ. ಈಜು ಪುಸ್ತಕದಲ್ಲಿ ಕಲಿತಷ್ಟೇ ಕಲಿತೆ.

ಹಾಗಾದರೆ ಯಾಕೆ ಕೊಳ್ಳುವುದಿಲ್ಲ? ನನಗೆ ನಿಜವಾಗಿ ಕಾಡಿದ ಪ್ರಶ್ನೆ ಇದು. ಕೆನಡಾ ಬಡದೇಶವಲ್ಲ. ಬ್ಯಾಂಕುಗಳು ಗಟ್ಟಿ, ಕಾನೂನು ಗಟ್ಟಿ, ಓದಿದ ಜನ ಬೇಕಾದಷ್ಟು.

ನಮ್ಮ ಊರಿನ ಕಥೆಯನ್ನೇ ತೆಗೆದುಕೊಳ್ಳಿ. 1879ರಲ್ಲಿ ಪ್ರಧಾನಿ ಜಾನ್ ಮ್ಯಾಕ್‌ಡೊನಾಲ್ಡ್ ‘ರಾಷ್ಟ್ರೀಯ ನೀತಿ’ ಎಂದು ಹೊರಗಿನ ಸರಕಿನ ಮೇಲೆ ಎತ್ತರದ ಸುಂಕದ ಗೋಡೆ ಎಬ್ಬಿಸಿದರು. ಗೋಡೆ ಎದ್ದರೆ ನೆರೆಯವನು ಗೋಡೆ ಹಾರಿ ಒಳಗೆ ಬಂದು ಅಂಗಡಿ ಹಾಕುತ್ತಾನೆ. ಡೆಟ್ರಾಯಿಟಿನಲ್ಲಿ ಫೋರ್ಡ್ ಕಂಪನಿ ಹುಟ್ಟಿದ್ದು 1903ರಲ್ಲಿ. ಮರುವರ್ಷವೇ ನದಿಯ ಈಚೆ, ಈಗ ವಿಂಡ್ಸರಿನ ಭಾಗವಾಗಿರುವ ವಾಕರ್‌ವಿಲ್ಲಿನಲ್ಲಿ, ಫೋರ್ಡ್ ಕೆನಡಾ ಶುರುವಾಯಿತು. ಅಲ್ಲಿಂದ ಆರು ದಶಕ ಕೆನಡಾದ ಕಾರು ಕಾರ್ಖಾನೆಗಳು ಹೀಗೇ ನಡೆದವು: ಅಮೆರಿಕದ ಕಾರ್ಖಾನೆಯ ಪುಟ್ಟ ಪಡಿಯಚ್ಚು, ಪುಟ್ಟ ಮಾರುಕಟ್ಟೆಗೆ. ಪುಟ್ಟ ಮಾರುಕಟ್ಟೆ ಅಂದರೆ ಹತ್ತಾರು ಮಾದರಿಗಳನ್ನು ಒಂದೇ ಸೂರಿನಡಿ ಸ್ವಲ್ಪ ಸ್ವಲ್ಪವೇ ಮಾಡುವುದು. ಈ ಮಾದರಿ ಮುಗಿಸಿ ಆ ಮಾದರಿಗೆ ಹೋಗುವಾಗಲೆಲ್ಲ ತಗಡು ಒತ್ತುವ ಅಚ್ಚು, ಅಂದರೆ ಡೈ, ಬಿಚ್ಚು, ಡೈ ಕಟ್ಟು. ಶಾಪಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಸೆಟ್ಟಿಂಗಿನಲ್ಲಿ ಹೋದ ಹೊತ್ತು ಹೋದದ್ದೇ. ಅದಕ್ಕೆ ಯಾವ ಗಿರಾಕಿಯೂ ದುಡ್ಡು ಕೊಡುವುದಿಲ್ಲ.

1965ರ ಜನವರಿಯಲ್ಲಿ ಕೆನಡಾದ ಪ್ರಧಾನಿ ಲೆಸ್ಟರ್ ಪಿಯರ್ಸನ್ ಮತ್ತು ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ‘ಆಟೋ ಪ್ಯಾಕ್ಟ್’ ಎಂಬ ಕಾರು ಒಪ್ಪಂದಕ್ಕೆ ಸಹಿ ಹಾಕಿದರು. ಕಾರು ತಯಾರಕರಿಗೆ ನದಿಯ ಮೇಲಿನ ಸುಂಕ ಹೋಯಿತು. ಅದೇ ಕಾರ್ಖಾನೆ, ಅದೇ ಜನ. ಈಗ ಒಂದೆರಡು ಮಾದರಿ ಮಾತ್ರ ಹಿಡಿದು ಎರಡೂ ದೇಶಕ್ಕೆ ಸಾಲುಸಾಲಾಗಿ ಮಾಡತೊಡಗಿದರು. ಕೆಲಸಗಾರ ರಾತ್ರಿ ಬೆಳಗಾಗುವುದರಲ್ಲಿ ಚುರುಕಾದನೇನು? ಇಲ್ಲ, ಓಟ ಉದ್ದವಾಯಿತು, ಡೈ ಬಿಚ್ಚಿ ಕಟ್ಟುವುದು ತಗ್ಗಿತು. ಉದ್ದ ಓಟಕ್ಕೆ ದೊಡ್ಡ ಪ್ರೆಸ್ಸು ಹಾಕಿದರೂ ಅಸಲು ಹುಟ್ಟುತ್ತದೆ ಎಂದು ಹೂಡುವವನಿಗೆ ಧೈರ್ಯ ಬಂತು. ಕಾರಿನ ಮಟ್ಟಿಗೆ ಎರಡು ದಡದ ಅಂತರ ಕಿರಿದಾಯಿತು. ಪಾಠ ಇಷ್ಟು ಚೆನ್ನಾಗಿ ಕಂಡ ಇನ್ನೊಂದು ಉದಾಹರಣೆ ನನಗೆ ಸಿಕ್ಕಿಲ್ಲ.

1989ರ ಜನವರಿ 1ರಂದು ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂತು, ಮಿಕ್ಕ ಸರಕುಗಳ ಗೋಡೆಯೂ ಬೀಳುತ್ತ ಹೋಯಿತು. ಟೊರಾಂಟೊ ವಿಶ್ವವಿದ್ಯಾಲಯದ ಡೇನಿಯಲ್ ಟ್ರೆಫ್ಲರ್ 2004ರಲ್ಲಿ ಇದರ ಲೆಕ್ಕ ತೆಗೆದರು. ಸುಂಕ ಅತಿ ಹೆಚ್ಚು ಇಳಿದ ಕೆನಡಾದ ಉದ್ಯಮಗಳಲ್ಲಿ ಶೇ. 12ರಷ್ಟು ಕೆಲಸ ಹೋಯಿತು, ಉತ್ಪಾದಕತೆ ಶೇ. 15ರಷ್ಟು ಏರಿತು. ಎರಡನ್ನೂ ಒಂದೇ ವಾಕ್ಯದಲ್ಲಿ ಬರೆಯುವುದು ಸುಲಭ. ಆ 12ರಲ್ಲಿ ಇದ್ದವರು ಬೇರೆ, 15ರ ಫಲ ಉಂಡವರು ಬೇರೆ. ನಮ್ಮ ಶಾಪಿನ ಹಿರಿಯ ಫಿಟ್ಟರ್ ಒಬ್ಬರು ಆ ದಿನಗಳ ಬಗ್ಗೆ ಮಾತೆತ್ತಿದರೆ ಇಂದಿಗೂ ದನಿ ಗಡುಸಾಗುತ್ತದೆ.

ವಿಚಿತ್ರ ಇರುವುದು ಇಲ್ಲೇ. ಗೋಡೆ ಬಿದ್ದ ಮೇಲೆ ಅಂತರ ಮುಚ್ಚಬೇಕಿತ್ತು. 88ರಿಂದ 71ಕ್ಕೆ ಇಳಿದದ್ದು ಬಹುಪಾಲು ಗೋಡೆ ಬಿದ್ದ ಮೇಲೆಯೇ.

ಇದಕ್ಕೆ ಉತ್ತರವನ್ನು ನಾನು ಕಂಡದ್ದು ನಮ್ಮ ಯಜಮಾನರ ಮೇಜಿನ ಮೇಲೆ. ಪಾಪ, ಒಳ್ಳೆಯ ಮನುಷ್ಯ; ಕಸುಬು ಬಲ್ಲವರು, ಹಿಮ ಬಿದ್ದ ದಿನ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆಯುವವರು. ಅವರ ಡ್ರಾಯರಿನಲ್ಲಿ ಐದು ಆಕ್ಸಿಸ್ ಮೆಷಿನ್ನಿನ ಕೊಟೇಶನ್ನುಗಳ ಒಂದು ಫೈಲೇ ಇದೆ. ಪ್ರತಿ ಎರಡು ಮೂರು ವರ್ಷಕ್ಕೊಂದು ತರಿಸಿದ್ದಾರೆ, ಪ್ರತಿ ಸಲವೂ ಕೊಳ್ಳದಿರಲು ಸರಿಯಾದ ಕಾರಣವೇ ಇತ್ತು. ಒಂದು ದಿನ ಫೈಲು ಬಿಡಿಸಿ ನನಗೆ ತಾವೇ ತೋರಿಸಿದರು.

ಮೊದಲನೆಯದು 2002ರ ಆರಂಭದ್ದು. ಆಗ ಕೆನಡಾದ ಒಂದು ಡಾಲರಿಗೆ ಅಮೆರಿಕದ 62 ಸೆಂಟು. ಆಚೆ ದಡದ ಗಿರಾಕಿಗೆ ನಮ್ಮ ಅಚ್ಚು ತಾನಾಗೇ ಅಗ್ಗ. ಹಳೇ ಮೆಷಿನ್ನಿನಲ್ಲಿ ನಿಧಾನಕ್ಕೆ ಮಾಡಿದರೂ ಆರ್ಡರು ಸಾಲುಗಟ್ಟಿತ್ತು. ಅದೇ ಹೊತ್ತಿಗೆ ಹತ್ತು ಲಕ್ಷ ಅಮೆರಿಕನ್ ಡಾಲರಿನ ಮೆಷಿನ್ನಿಗೆ ಇಲ್ಲಿ 16 ಲಕ್ಷ ಎಣಿಸಬೇಕು. ಯಾರು ಕೊಳ್ಳುತ್ತಾರೆ? 2007ರ ಶರತ್ಕಾಲಕ್ಕೆ ಎರಡು ಡಾಲರೂ ಸಮ ಆದವು, ನಮ್ಮದೇ ಒಂದು ಕೈ ಮೇಲಾಯಿತು. ಮೆಷಿನ್ ಅಗ್ಗವಾಯಿತು, ಆರ್ಡರು ಓಡಿಹೋದವು. 2009ರಲ್ಲಿ ಜನರಲ್ ಮೋಟಾರ್ಸ್, ಕ್ರೈಸ್ಲರ್ ಎರಡೂ ದಿವಾಳಿ ಅರ್ಜಿ ಹಾಕಿದವು. ಊಟವಿದ್ದಾಗ ಹಸಿವಿಲ್ಲ, ಹಸಿವಿದ್ದಾಗ ಊಟವಿಲ್ಲ ಎಂಬ ಹಾಗೆ ಆ ಹತ್ತು ವರ್ಷ ಕಳೆಯಿತು. ದುರ್ಬಲ ಡಾಲರು ನಮಗೆ ಹಾಸಿಗೆಯಾಗಿತ್ತು, ಬೆಚ್ಚಗೆ ಮಲಗಿದೆವು.

ಇನ್ನೊಂದು ಕೊಟೇಶನ್ನಿನ ಹಿಂಬದಿಗೆ ತೆರಿಗೆಯ ಲೆಕ್ಕ, ಪೆನ್ಸಿಲಿನಲ್ಲಿ. ನಮ್ಮ ಪ್ರಾಂತ್ಯ ಒಂಟಾರಿಯೊದಲ್ಲಿ ಆಗ ಸಣ್ಣ ಕಂಪನಿಯ ಮೊದಲ 5 ಲಕ್ಷ ಡಾಲರ್ ಲಾಭಕ್ಕೆ ಕೇಂದ್ರದ್ದೂ ಪ್ರಾಂತ್ಯದ್ದೂ ಸೇರಿ ಶೇ. 12.2 ತೆರಿಗೆ. ಅದರಾಚೆ ತಯಾರಿಕೆಯವರಿಗೆ ಶೇ. 25. ಕಂಪನಿಯ ತೆರಿಗೆಗೊಳಪಡುವ ಬಂಡವಾಳ ಒಂದು ಕೋಟಿ ಡಾಲರ್ ದಾಟಿತೋ, ಈ ರಿಯಾಯಿತಿ ಕರಗಲು ಶುರು. ಸಣ್ಣವರನ್ನು ಕಾಪಾಡಲು ಮಾಡಿದ ನಿಯಮ, ಒಳ್ಳೆಯ ಉದ್ದೇಶದ್ದೇ. ಆದರೆ ದೊಡ್ಡ ಮೆಷಿನ್ ತಂದು ದೊಡ್ಡವನಾಗು ಎಂದು ಅದು ಹೇಳುವುದಿಲ್ಲ. ಅಮೆರಿಕ 2017ರ ಡಿಸೆಂಬರಿನಲ್ಲಿ ಕಂಪನಿ ತೆರಿಗೆಯನ್ನು ಶೇ. 35ರಿಂದ 21ಕ್ಕೆ ಇಳಿಸಿದಾಗ ಇಲ್ಲಿಯೂ ಮರುವರ್ಷ ತಯಾರಿಕೆಯ ಯಂತ್ರದ ಪೂರ್ತಿ ಬೆಲೆಯನ್ನು ಮೊದಲ ವರ್ಷವೇ ಖರ್ಚಿಗೆ ಹಾಕಲು ಬಿಟ್ಟರು. ಯಜಮಾನರು ಅದನ್ನೂ ಓದಿದ್ದರು. “ತೆರಿಗೆ ಉಳಿಸಲು ಸಾಲ ಮಾಡಲೇ?” ಎಂದು ನನ್ನನ್ನೇ ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ.

ಅವರು ಉಳಿಸಿದ ದುಡ್ಡು ಎರಡು ಬಾಡಿಗೆ ಮನೆಗಳಾಯಿತು. ಇದರಲ್ಲಿ ಅವರೊಬ್ಬರೇ ಇಲ್ಲ. ಕೆನಡಾದ ದುಡ್ಡು ಈ ಎರಡು ದಶಕ ಮನೆ ಕಟ್ಟುವುದರಲ್ಲಿ, ಮನೆ ಕೊಳ್ಳುವುದರಲ್ಲಿ ಸುತ್ತಿದಷ್ಟು ಯಂತ್ರದ ಕಡೆ ಸುತ್ತಲಿಲ್ಲ. ಆಲ್ಬರ್ಟಾದ ಎಣ್ಣೆಮರಳಿನ ಮೇಲೆ ಸುರಿದ ಹಣ ಸ್ವಲ್ಪ ಕಾಲ ಒಟ್ಟು ಅಂಕಿಯನ್ನು ಚೆಂದ ಕಾಣಿಸಿತ್ತು. 2014ರಲ್ಲಿ ಎಣ್ಣೆ ಬೆಲೆ ಕುಸಿದಾಗ ಆ ಬಣ್ಣವೂ ತೊಳೆದುಹೋಯಿತು.

ನನ್ನ ಮಟ್ಟಿಗೆ ಇದಕ್ಕೆಲ್ಲ ಒಂದೇ ಹೆಸರು: ದರ್ದು. ದರ್ದಿಲ್ಲದವನು ಯಂತ್ರ ಕೊಳ್ಳುವುದಿಲ್ಲ. ಪಕ್ಕದ ಶಾಪಿನವನು ನಾಳೆ ತನ್ನ ಗಿರಾಕಿಯನ್ನು ಕಸಿದುಕೊಳ್ಳುತ್ತಾನೆ ಎಂಬ ಭಯ ನನ್ನ ಗೆಳೆಯನ ಯಜಮಾನನಿಗೆ ದಿನಬೆಳಗಾದರೆ ಇತ್ತು. ಈ ದೇಶದಲ್ಲಿ ಆ ಭಯ ಹಲವು ಕಡೆ ತೆಳು. ಮೊಬೈಲ್ ಅಂದರೆ ಮೂರು ಕಂಪನಿ, ಬ್ಯಾಂಕ್ ಅಂದರೆ ಆರು. ಹಾಲು, ಮೊಟ್ಟೆ, ಕೋಳಿ ಎಷ್ಟು ಬೆಳೆಯಬೇಕು ಎನ್ನುವುದಕ್ಕೂ ಕೋಟಾ. ದೇಶದೊಳಗಿನ ಗೋಡೆಗಳದು ಬೇರೆಯೇ ಹಾಸ್ಯ. ನ್ಯೂ ಬ್ರನ್ಸ್‌ವಿಕ್ಕಿನ ಒಬ್ಬ ನಿವೃತ್ತ ಮನುಷ್ಯ 2012ರಲ್ಲಿ ಪಕ್ಕದ ಕ್ವಿಬೆಕ್ಕಿನಿಂದ ಅಗ್ಗದ ಬಿಯರ್ ತಂದದ್ದಕ್ಕೆ 292.50 ಡಾಲರ್ ದಂಡ ಬಿತ್ತು. ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಗಿ, 2018ರಲ್ಲಿ ಪ್ರಾಂತ್ಯವೇ ಗೆದ್ದಿತು. ಒಂದೇ ದೇಶದ ಒಂದು ಪ್ರಾಂತ್ಯದ ಬಿಯರಿಗೆ ಇನ್ನೊಂದರಲ್ಲಿ ಈ ಗತಿ. ನಾಲ್ಕು ಕೋಟಿ ಜನರ ಮಾರುಕಟ್ಟೆ ಅಮೆರಿಕದ ಎಂಟೊಂಬತ್ತನೇ ಒಂದು ಪಾಲು. ಅದನ್ನೂ ಹತ್ತು ಪ್ರಾಂತ್ಯಕ್ಕೆ ಹಂಚಿಕೊಂಡು ಬೇಲಿ ಹಾಕಿಕೊಂಡಿದ್ದೇವೆ.

ಒಂದು ಕಾರಣ ಹೇಳುವಾಗ ನನಗೆ ಇರುಸುಮುರುಸು. 2023ರಲ್ಲಿ ಕೆನಡಾದ ಜನಸಂಖ್ಯೆ ಶೇ. 3.2 ಬೆಳೆಯಿತು, 1957ರಿಂದೀಚೆಗೆ ಅಷ್ಟು ವೇಗ ಕಂಡಿರಲಿಲ್ಲ. ಬಂದವರೆಲ್ಲ ಹೆಚ್ಚುಕಡಿಮೆ ನನ್ನಂಥ ಹೊರಗಿನವರೇ. ಕೈಗಳು ಬೇಗ ಹೆಚ್ಚಿ ಯಂತ್ರಗಳು ಅಷ್ಟೇ ಉಳಿದರೆ ತಲಾ ಬಂಡವಾಳ ತೆಳುವಾಗುತ್ತದೆ, ಕೈ ಅಗ್ಗಕ್ಕೆ ಸಿಗುವಾಗ ಯಂತ್ರದ ದರ್ದೂ ತಗ್ಗುತ್ತದೆ. ಲೆಕ್ಕ ಸರಿ. ಆದರೆ ಆ ಲೆಕ್ಕ ಹೇಳುವವರು ನಾನು ಬಂದದ್ದೇ ತಪ್ಪು ಎಂಬ ಹಾಗೆ ನೋಡಿದಾಗ ಸಿಟ್ಟು ಬರುತ್ತದೆ. ಅಂತರ ಹಿಗ್ಗಲು ಶುರುವಾದದ್ದು ನಾನು ವಿಮಾನ ಹತ್ತುವುದಕ್ಕೆ ಬಹಳ ಮೊದಲು.

ಬುದ್ಧಿಗೆ ಇಲ್ಲಿ ಕೊರತೆಯಿಲ್ಲ ಎನ್ನಲು ಒಂದೇ ಹೆಸರು ಸಾಕು. ಟೊರಾಂಟೊದಲ್ಲಿ ಜೆಫ್ರಿ ಹಿಂಟನ್ ಮತ್ತು ಇಬ್ಬರು ಶಿಷ್ಯರು 2012ರಲ್ಲಿ ಚಿತ್ರ ಗುರುತಿಸುವ ನರಜಾಲ ಮಾಡಿ ಕೃತಕ ಬುದ್ಧಿಮತ್ತೆಯ ದಾರಿಯನ್ನೇ ತಿರುಗಿಸಿದರು. ಅವರ ಪುಟ್ಟ ಕಂಪನಿಯನ್ನು 2013ರಲ್ಲಿ ಗೂಗಲ್ ಕೊಂಡಿತು. ಮೊಳಕೆ ಇಲ್ಲಿ, ತೋಟ ಅಲ್ಲಿ. ನ್ಯೂಜಿಲೆಂಡಿನವರೂ ಆಸ್ಟ್ರೇಲಿಯಾ ನೋಡಿಕೊಂಡು ಇದೇ ಹಾಡು ಹಾಡುತ್ತಾರೆ. 1983ರಿಂದ ಅವರ ನಡುವೆ ಮುಕ್ತ ವ್ಯಾಪಾರದ ಒಪ್ಪಂದವಿದೆ, ಒಬ್ಬರ ನೆಲದಲ್ಲಿ ಇನ್ನೊಬ್ಬರು ಹೋಗಿ ದುಡಿಯಬಹುದು. ಆದರೂ ನ್ಯೂಜಿಲೆಂಡಿನವನ ಕೈಗೆ ಸಿಗುವ ಯಂತ್ರ ಕಡಿಮೆ, ಸಂಬಳ ಕಡಿಮೆ. ಯಂತ್ರ ಬಾರದಿದ್ದರೇನು, ಅವನೇ ಸಮುದ್ರ ದಾಟಿ ಯಂತ್ರವಿದ್ದಲ್ಲಿಗೆ ಹೋಗುತ್ತಾನೆ.

ಗೆಳೆಯನ ಜೊತೆ ಇದನ್ನೆಲ್ಲ ವಾದಿಸುವಾಗ ನಾನು ಆಸ್ಪತ್ರೆಯ ಮಾತು ತೆಗೆಯುತ್ತೇನೆ. ಅವನ ಮಗನ ಮುರಿದ ಕೈಗೆ ಬಂದ ಬಿಲ್ಲು, ನಮ್ಮಲ್ಲಿ ಅದಿಲ್ಲ, ನಮ್ಮವರು ಸರಾಸರಿ ಅವರಿಗಿಂತ ಹೆಚ್ಚು ವರ್ಷ ಬದುಕುತ್ತಾರೆ. ಅವನು ನಗುತ್ತಾನೆ. “ಸರಿ ಕಣೋ, ಆದ್ರೆ ಆ ಆಸ್ಪತ್ರೆಗೆ ದುಡ್ಡು ನಿಮ್ಮ ಶಾಪಿಂದಾನೇ ಬರ್ಬೇಕಲ್ಲ?” ಅನ್ನುತ್ತಾನೆ. ಅಲ್ಲಿಗೆ ನನ್ನ ವಾದ ಕುಂಟುತ್ತದೆ.

ಕಳೆದ ಚಳಿಗಾಲದಲ್ಲಿ ಯಜಮಾನರು ಕೊನೆಗೂ ಮನಸ್ಸು ಮಾಡಿದರು. ಹೊಸದಲ್ಲ, ಸೆಕೆಂಡ್ ಹ್ಯಾಂಡ್. ಮಿಶಿಗನ್ನಿನ ಒಂದು ಶಾಪು ಇನ್ನೂ ವೇಗದ್ದನ್ನು ತರಿಸಿಕೊಂಡು ಹಳೆಯದನ್ನು ತೆಗೆದುಹಾಕುತ್ತಿತ್ತು, ಬೆಲೆ ಹೊಂದಿತು. ಸೇತುವೆ ಮೇಲಿಂದ ಟ್ರೇಲರಿನಲ್ಲಿ ಬಂದ ಮೆಷಿನ್ನನ್ನು ಇಳಿಸಿ ಲೆವೆಲ್ ಮಾಡಲು ನಮಗೆ ಮೂರು ದಿನ ಹಿಡಿಯಿತು. ಸುತ್ತಿದ ಪ್ಲಾಸ್ಟಿಕ್ ಹರಿದು ತೆಗೆದಾಗ ಬಾಗಿಲ ಮೇಲೆ ಅರ್ಧ ಅಳಿಸಿದ ಕಪ್ಪು ಅಕ್ಷರ ಕಂಡವು. ನಾನು ನಕ್ಕದ್ದು ನೋಡಿ ಯಜಮಾನರು ಹತ್ತಿರ ಬಂದರು.

“ಇದೇನು, ಯಾರಾದರೂ ಹೆಸರು ಬರೆದಿದ್ದಾರಾ?”

“ಇಲ್ಲ, ಮೊದಲು ಕೂಲೆಂಟ್ ನೋಡು ಅಂತ ಬರೆದಿದೆ.”

ಅವರು ಬಗ್ಗಿ ಟ್ಯಾಂಕಿನ ಮುಚ್ಚಳ ತೆಗೆದರು. ತಳದಲ್ಲಿ ಒಣಗಿದ ಕೆಸರಿನ ಜೊತೆ ಒಂದು ಮುರಿದ ಟೂಲಿನ ತುಂಡು ಬಿದ್ದಿತ್ತು. ನಾನು ಬಕೆಟ್ ತರಲು ಹೋದೆ.